ಬ್ಯಾಡ್ಜರ್‌ಗೆ ‘ಬಿ’ ಸಾಲಲಿಲ್ಲ: ಶೇಕರ್ ಮಕ್ಕಳ ಪುಸ್ತಕ ಅಚ್ಚು ಹಾಕಿದ ನನ್ನ ಅನುಭವ

ಕಾಗದ ನೆನೆಸಿ, ಕೈಯಲ್ಲೇ ಅಚ್ಚುಮೊಳೆ (ಒಂದೊಂದು ಅಕ್ಷರದ ಲೋಹದ ಅಚ್ಚು) ಜೋಡಿಸಿ ಅಚ್ಚು ಹಾಕ್ತೀನಿ ಅಂದಾಗ ಗೆಳೆಯರೆಲ್ಲ ನಕ್ಕರು. ‘ಇಡೀ ಪುಟಕ್ಕೇ ಒಂದು ಪಾಲಿಮರ್ ಪ್ಲೇಟ್ ಮಾಡಿಸು ಮಾರಾಯ, ಒಂದೇ ದಿನದ ಕೆಲಸ’ ಅಂದ ಮಂಗಳೂರಿನವನೊಬ್ಬ. ನನಗೆ ಒಂದೂವರೆ ವರ್ಷ ಹಿಡಿಯಿತು. ಕೊನೆಗೂ 60 ಪ್ರತಿ ಸಿದ್ಧವಾದವು. ಅವನೇ ಎರಡು ಕೇಳಿದ್ದಾನೆ.

ನಾನಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಕ್ಯಾಂಟರ್ಬರಿಯ ಶೇಕರ್ ಹಳ್ಳಿ ಕಾರಲ್ಲಿ ಒಂದು ಗಂಟೆ ದಾರಿ. ಶೇಕರ್ ಅಂದರೆ ಮದುವೆಯೇ ಇಲ್ಲದ ಒಂದು ಕ್ರೈಸ್ತ ಪಂಥ. ಅನಾಥ ಮಕ್ಕಳನ್ನು ಸಾಕುತ್ತಿದ್ದರು, ಅವರಿಗಾಗಿ ಪುಸ್ತಕವನ್ನೂ ಅಚ್ಚು ಹಾಕುತ್ತಿದ್ದರು. 1844ರಲ್ಲಿ ಅಲ್ಲೇ ಅಚ್ಚಾದ ನಡತೆಯ ಪುಸ್ತಕದಲ್ಲಿ ಬರೆದವರ ಹೆಸರಿಲ್ಲ. ‘ಎಳೆಯರನ್ನು ಪ್ರೀತಿಸುವವರು’ ಅಂತಷ್ಟೇ ಇದೆ. ಅದು ಸುಮಾರು 130 ಪುಟ, ನನಗೆ ಧೈರ್ಯ ಸಾಲಲಿಲ್ಲ. 1882ರಲ್ಲಿ ಶೇಕರ್ ಮಾಸಪತ್ರಿಕೆಯಲ್ಲಿ ಬಂದ ಎಬಿಸಿ ಪದ್ಯ ತಗೊಂಡೆ. 26 ಸಾಲು, ಬರೀ ಪ್ರಾಣಿಗಳ ಹೆಸರು. ನನ್ನ ಲೆಕ್ಕಕ್ಕೆ ಎಂಟು ಪುಟ.

ಮೊದಲ ಪುಟದಲ್ಲೇ ಎಡವಟ್ಟು. ಬೀಟಲ್, ಬೊಬೊಲಿಂಕ್, ಬಫಲೋ, ಬೇರ್. ನಾಲ್ಕು ಸಾಲಿಗೆ ನನ್ನ ಹತ್ತಿರವಿದ್ದ ನಾಲ್ಕೂ ದೊಡ್ಡ ‘ಬಿ’ (ಕ್ಯಾಪಿಟಲ್ B) ಖಾಲಿ. ಐದನೇ ಸಾಲಿನ ಬ್ಯಾಡ್ಜರ್‌ಗೆ ಮೊಳೆಯೇ ಇಲ್ಲ! ಹಳೇ ಮೊಳೆಗೆ ಆಗಲೇ 230 ಡಾಲರ್ ಸುರಿದಿದ್ದೆ. ಜಾಗ ಖಾಲಿ ಬಿಟ್ಟು, ಆ ಒಂದು ‘ಬಿ’ಯನ್ನು ಎರಡನೇ ಸಲ ಒತ್ತೋಣ ಅಂದುಕೊಂಡೆ. ಅಷ್ಟರಲ್ಲಿ ಕಾಗದ ಒಣಗಿ ಕುಗ್ಗಿತ್ತು. ‘ಬಿ’ ಒಂದು ಕಡೆ, ಉಳಿದ ಬ್ಯಾಡ್ಜರ್ ಇನ್ನೊಂದು ಕಡೆ. 40 ಹಾಳೆ ಕಸಕ್ಕೆ.

ನೆನೆಸುವುದರಲ್ಲೂ ಸೋತೆ. ಮೊದಲು ನೀರು ಜಾಸ್ತಿಯಾಗಿ ಮಸಿ ಹರಡಿತು. ಆಮೇಲೆ ಜುಲೈ ಸೆಕೆಯಲ್ಲಿ ಕಟ್ಟನ್ನು ಮೂರು ದಿನ ಗ್ಯಾರೇಜಲ್ಲಿ ಮರೆತೆ. ಬಿಚ್ಚಿದರೆ ಬೂಷ್ಟು. ಹತ್ತಿಯ ಕಾಗದ, 140 ಡಾಲರ್ ಹೋಯಿತು.

ಕೊನೆಗೆ ಕೈಹಿಡಿದದ್ದು ಇಷ್ಟು: ಐದು ಒಣ ಹಾಳೆಗೆ ಒಂದು ಒದ್ದೆ ಹಾಳೆ, ಪಾಲಿಥೀನ್ ಸುತ್ತಿ ರಾತ್ರಿಯಿಡೀ ಭಾರ. ಬೆಳಗ್ಗೆ ಕೆನ್ನೆಗೆ ಇಟ್ಟರೆ ತಣ್ಣಗಿರಬೇಕು, ಒದ್ದೆ ಅನ್ನಿಸಬಾರದು. ಎರಡನೇ ಸಲ ಒತ್ತುವ ತನಕ ಚೀಲದಿಂದ ಹೊರಗೆ ತೆಗೆಯಬಾರದು. ಒತ್ತುವಾಗ ಹಾಳೆಯ ಹಿಂದೆ ಏನು ಪ್ಯಾಕಿಂಗ್ (ಒತ್ತಾಸರೆಯ ಪದರ) ಕೊಟ್ಟೆ ಅನ್ನೋದನ್ನ ಸದ್ಯಕ್ಕೆ ಹೇಳಲ್ಲ.

ನಡುವೆ ಇನ್ನೊಂದು ಹುಚ್ಚು. ಗದಗಿನಲ್ಲಿ ನಮ್ಮಜ್ಜ ಮೈದಾ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು, ಹುಳ ಹಿಡಿಯಬಾರದು ಅಂತ. ನಾನೂ ಒಂದು ಚಿಟಿಕೆ ಹಾಕಿ ಹೊದಿಕೆ ಅಂಟಿಸಿದೆ. ವಾರದಲ್ಲಿ ಅಂಚೆಲ್ಲ ಹಸಿರು. ಅಜ್ಜ ಅಂಟಿಸುತ್ತಿದ್ದದ್ದು ದಪ್ಪ ಕಂದು ರಟ್ಟಿಗೆ, ಕಾಣುತ್ತಿರಲಿಲ್ಲ ಅಷ್ಟೇ! ಅಂಟು ಬಿಟ್ಟು ಮೂರು ತೂತಿನ ಹೊಲಿಗೆ ಹಾಕಿದೆ.

ಒಟ್ಟು ಖರ್ಚು 500 ಡಾಲರ್ ಆಸುಪಾಸು. ಪ್ರತಿಗೆ 15ರಂತೆ 30 ಹೋಗಿವೆ, ಅಸಲು ಹತ್ತಿರಹತ್ತಿರ ಬಂತು. ಇನ್ನು 1844ರ ಪುಸ್ತಕಕ್ಕೆ ಕೈ ಹಾಕುತ್ತೇನೆ. ಯಾರ ಹತ್ತಿರವಾದರೂ ಕ್ಯಾಸ್ಲಾನ್ ಅನ್ನೋ ಅಕ್ಷರಶೈಲಿಯ 14 ಪಾಯಿಂಟ್ ಗಾತ್ರದ ದೊಡ್ಡ ‘ಬಿ’ ಮೊಳೆ ಸುಮ್ನೆ ಬಿದ್ದಿದ್ದರೆ ಹೇಳಿ.