ಕರೆಂಟ್ ಹೋದಾಗ ಇನ್ಸುಲಿನ್ ಕಾಯುವುದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಮದ್ದಿನ ಅಂಗಡಿ. ಲೈಸೆನ್ಸ್, ಬಿಲ್ಲು, ರಿಜಿಸ್ಟರ್ ಎಲ್ಲ ಸರಿ ಇರಬೇಕು, ಅದು ಹೇಗೂ ಇದ್ದದ್ದೇ. ಆದರೆ ನಮ್ಮಲ್ಲಿ ಗುಣಮಟ್ಟದ ನಿಜವಾದ ಪರೀಕ್ಷೆ ನಡೆಯುವುದು ಮಳೆಗಾಲದಲ್ಲಿ. ಗಾಳಿಗೆ ಕಂಗು, ಅಂದರೆ ಅಡಿಕೆ ಮರ, ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಿಕ್ಕಾಗದು. ಫ್ರಿಜ್ಜಿನಲ್ಲಿ ಇನ್ಸುಲಿನ್ ಇರುತ್ತದೆ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಿಸಿಯಾದರೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ, ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಬಳಸಬಾರದು. ಹಾಗಾಗಿ ಫ್ರೀಜರಿನ ಪಕ್ಕ, ಹಿಂದಿನ ಗೋಡೆಗೆ ತಾಗಿಸಿ, ಬಾಗಿಲಿನ ತಟ್ಟೆಯಲ್ಲಿ ಎಲ್ಲೂ ಇಡುವುದಿಲ್ಲ. ನಡುವಿನ ತಟ್ಟೆಯೇ ಅದರ ಜಾಗ. ಥರ್ಮಾಮೀಟರಿನ ವಯರ್ ತುದಿಯನ್ನು ನೀರಿನ ಬಾಟಲಿಯೊಳಗೆ ಇಳಿಸಿದ್ದೇನೆ. ಇಲ್ಲದಿದ್ದರೆ ಬಾಗಿಲು ತೆರೆದಾಗಲೆಲ್ಲ ಅಂಕಿ ಕುಣಿಯುತ್ತದೆ, ಸುಮ್ನೆ ಗಾಬರಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ರಾತ್ರಿಯ ಅತಿ ಜಾಸ್ತಿ, ಅತಿ ಕಡಿಮೆ ಅಂಕಿ ನೋಡಿ ಬರೆದಿಡುತ್ತೇನೆ. ಕೆಳಗಿನ ತಟ್ಟೆ ತುಂಬ ನೀರಿನ ಬಾಟಲಿಗಳು. ಕರೆಂಟ್ ಹೋದರೂ ತಂಪು ಹಿಡಿದಿಡುವುದು ಅವೇ. ಊಟದ ಡಬ್ಬಿಗೆ ಒಳಗೆ ಪ್ರವೇಶವಿಲ್ಲ, ನನ್ನ ಮಜ್ಜಿಗೆಗೂ ಇಲ್ಲ.

ಇನ್ನೊಂದು ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿಯೇ ತಲೆ ತಿನ್ನುತ್ತೇನೆ. ಸಿರಿಂಜ್.

“ಅಜ್ಜಿ, ಮನೆಯಲ್ಲಿರುವ ಸಿರಿಂಜಿನ ಮುಚ್ಚಳ ಕೆಂಪೋ, ಕಿತ್ತಳೆಯೋ?”

“ಕಿತ್ತಳೆ. ಮಗ ಗಲ್ಫಿನಿಂದ ತಂದದ್ದು.”

ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆಯದ್ದು 100 ಯೂನಿಟ್ಟಿನ ಬಾಟಲಿಗೆ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನ 20ರ ಗೆರೆವರೆಗೆ ಎಳೆದರೆ ಅಜ್ಜಿಗೆ ಸಿಗುವುದು 8 ಯೂನಿಟ್ ಮಾತ್ರ. ಉಲ್ಟಾ ಆಗಿ, 100ರ ಬಾಟಲಿಯಿಂದ ಕೆಂಪು ಸಿರಿಂಜಿನ 20ರ ಗೆರೆವರೆಗೆ ಎಳೆದರೆ 50! ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಹಾಗಾಗಿ ಬಾಟಲಿ, ಸಿರಿಂಜ್ ಎರಡನ್ನೂ ಕೌಂಟರಿನ ಮೇಲೆ ಜೊತೆಗಿಟ್ಟು ತೋರಿಸಿಯೇ ಕಟ್ಟಿಕೊಡುವುದು. ಅಳತೆಯನ್ನು ಹಿರಿಯರಿಗೆ ಕನ್ನಡದಲ್ಲಿ, ಮಲಯಾಳ ಓದುವ ಮೊಮ್ಮಕ್ಕಳು ಚುಚ್ಚುವುದಾದರೆ ಮಲಯಾಳದಲ್ಲಿ ಬರೆದು ಅಂಟಿಸುತ್ತೇನೆ.

ಬಸ್ಸಿನಲ್ಲಿ ಪೆರ್ಲ, ಮುಳ್ಳೇರಿಯಾ ಕಡೆ ಹೋಗುವವರಿಗೆ ಐಸ್ ಪ್ಯಾಕನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ, ಬಾಟಲಿಗೆ ನೇರ ತಾಗಬಾರದಲ್ವಾ. ಫ್ರಿಜ್ ಇಲ್ಲದ ಮನೆಯವರಿಗೆ ಒದ್ದೆ ಮರಳು ಹಾಕಿದ ಮಣ್ಣಿನ ಮಡಕೆಯೊಳಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ನೆರಳಿನಲ್ಲಿಡಲು ಹೇಳುತ್ತೇನೆ. ಫ್ರಿಜ್ಜಿನಷ್ಟು ತಂಪಿರದು, ಆದರೆ ಬಳಸುತ್ತಿರುವ ಬಾಟಲಿಗೆ ಬಿಸಿಲ ಕೋಣೆಗಿಂತ ಎಷ್ಟೋ ವಾಸಿ. ಒಮ್ಮೆಗೆ ಒಂದೇ ಬಾಟಲಿ ಒಯ್ಯಿರಿ ಎನ್ನುತ್ತೇನೆ.

ಹೊರಗೆ ಹೋದ ಇನ್ಸುಲಿನ್ ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. “ಸೀಲ್ ಒಡೆದಿಲ್ಲ, ಇವತ್ತೇ ತಂದದ್ದು” ಎಂದು ಗುರುತಿನವರು ಮುನಿಸಿಕೊಂಡದ್ದಿದೆ. ಆ ಬಾಟಲಿ ಎಲ್ಲಿ ಇತ್ತು, ಎಷ್ಟು ಹೊತ್ತು ಬಿಸಿಲಲ್ಲಿತ್ತು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇನ್ನೊಬ್ಬರಿಗೆ ಹೇಗೆ ಮಾರಲಿ?