ಕ್ಯಾಶೆಗೆ ಮಿತಿ ಹಾಕಿದ್ದರೂ ಡಿಸ್ಕ್ ತುಂಬುತ್ತಿದೆಯೇ? ಮೊದಲು ಲಾಗ್ ನೋಡಿ

ವಿರಾಜಪೇಟೆ ಕಡೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 30 ಮೆಷಿನ್, ಒಂದೇ ನಿಧಾನದ ಇಂಟರ್ನೆಟ್ ಲೈನ್. ಲಿನಕ್ಸ್ ಅಪ್‌ಡೇಟ್ ಒಂದು ಸಲ ಇಳಿದರೆ ಉಳಿದ 29ಕ್ಕೂ ಒಳಗಿನಿಂದಲೇ ಸಿಗಲಿ ಅಂತ ಹಳೆಯ ಡೆಬಿಯನ್ ಮೆಷಿನ್‌ನಲ್ಲಿ ಸ್ಕ್ವಿಡ್ ಹಾಕಿದ್ದೆ. ಇಳಿದದ್ದರ ಪ್ರತಿಯನ್ನು ಡಿಸ್ಕಿನಲ್ಲಿ (ಅದೇ ಕ್ಯಾಶೆ) ಇಟ್ಟುಕೊಂಡು ಉಳಿದ ಮೆಷಿನ್ಗಳಿಗೆ ಕೊಡುವ ಪ್ರಾಕ್ಸಿ ತಂತ್ರಾಂಶ ಅದು. ಕಕ್ಕಡದ ಮಳೆ ಜಡಿಯುತ್ತಿದ್ದ ಒಂದು ಬೆಳಿಗ್ಗೆ ನೋಡಿದರೆ 20 ಜಿಬಿ ಪಾರ್ಟಿಷನ್ 97% ಭರ್ತಿ.

ಅಪ್‌ಡೇಟ್ ಉಳಿಯಲೆಂದು ಒಂದು ಫೈಲಿನ ಗರಿಷ್ಠ ಗಾತ್ರವನ್ನು 4 ಎಂಬಿಯಿಂದ 512ಕ್ಕೆ ಏರಿಸಿದ್ದೆ. ಅದರದೇ ಕೆಲಸ ಅಂದುಕೊಂಡೆ. ಅಲ್ಲ. ಕ್ಯಾಶೆಯ ಒಟ್ಟು ಮಿತಿ 10,000 ಎಂಬಿ ಇತ್ತು. ಅದರ 90% ದಾಟಿದರೆ ಸ್ಕ್ವಿಡ್ ತಾನೇ ಹಳೆಯದನ್ನು ತೆಗೆಯುತ್ತಾ ಬರುತ್ತದೆ, 95% ಹತ್ತಿರವಾದರೆ ಇನ್ನೂ ಜೋರಾಗಿ. 'ಡಿಯು' ಕಮಾಂಡ್‌ನಲ್ಲಿ ಒಂದೊಂದೇ ಫೋಲ್ಡರ್ ಅಳೆಯಿರಿ. ನನ್ನಲ್ಲಿ ಕ್ಯಾಶೆ 9.3 ಜಿಬಿ, ಲೆಕ್ಕಕ್ಕೆ ಸರಿ. ಸ್ಕ್ವಿಡ್ ತನ್ನ ಕೆಲಸವನ್ನು ಬರೆದಿಡುವ ಲಾಗ್ ಫೋಲ್ಡರ್ 8.1 ಜಿಬಿ! ಯಾರು ಏನು ತೆರೆದರೆಂದು ಬರೆಯುವ ಆಕ್ಸೆಸ್ ಲಾಗ್ 5.6, ಎಂದೋ ಪರೀಕ್ಷೆಗೆಂದು ಆನ್ ಮಾಡಿ ಹಾಗೇ ಬಿಟ್ಟಿದ್ದ ಸ್ಟೋರ್ ಲಾಗ್ (ಕ್ಯಾಶೆಗೆ ಏನು ಬಂತು, ಏನು ಹೋಯಿತು ಎಂಬ ದಾಖಲೆ) 2.5.

ಇಲ್ಲಿ ಅವಸರ ಬೇಡ. ನಾನು ಆಕ್ಸೆಸ್ ಲಾಗನ್ನು 'ಆರ್‌ಎಂ' ಕೊಟ್ಟು ಅಳಿಸಿದೆ, ಡಿಸ್ಕ್ ಎಷ್ಟು ತುಂಬಿದೆ ಎಂದು 'ಡಿಎಫ್' ಕೊಟ್ಟು ನೋಡಿದೆ, ಅದೇ 97. ಸ್ಕ್ವಿಡ್ ಆ ಫೈಲನ್ನು ಇನ್ನೂ ತೆರೆದಿಟ್ಟುಕೊಂಡಿತ್ತು. ಹೆಸರು ಅಳಿದರೂ ಜಾಗ ಬಿಡುಗಡೆಯಾಗುವುದು ಫೈಲ್ ಮುಚ್ಚಿದ ಮೇಲೆಯೇ. 'ಎಲ್‌ಎಸ್‌ಒಎಫ್ +ಎಲ್1' ಕೊಟ್ಟರೆ ಇಂಥ ಅಳಿಸಿದ ಫೈಲ್‌ಗಳು ಕಾಣುತ್ತವೆ. 'ಸ್ಕ್ವಿಡ್ -ಕೆ ರೊಟೇಟ್' ಕೊಟ್ಟೆ. ಲಾಗ್ ಮುಚ್ಚಿ ಹೊಸದು ತೆರೆಯಿತು, ಒಂದೇ ಏಟಿಗೆ 69%. ಮಕ್ಕಳ ಇಂಟರ್ನೆಟ್ ಒಂದು ಕ್ಷಣವೂ ನಿಲ್ಲಲಿಲ್ಲ.

ಆದರೆ ದಿನಾ ತಿರುಗಬೇಕಿದ್ದ (ಹಳೆಯದು ಮುಚ್ಚಿ ಹೊಸದು ಶುರುವಾಗಬೇಕಿದ್ದ) ಲಾಗ್ ಯಾಕೆ ತಿರುಗಿರಲಿಲ್ಲ? ಇದನ್ನು ಹುಡುಕದೆ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪಾಡು. ಹಳೆಯ ಡೆಬಿಯನ್‌ನಲ್ಲಿ ದಿನದ ಕೆಲಸಗಳು ಓಡುವುದು ಬೆಳಿಗ್ಗೆ 6:25ಕ್ಕೆ. ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋಗುವುದು, ಬಂದಾಗ ವೋಲ್ಟೇಜ್ ಏರಿಳಿಯುವುದು ಮಾಮೂಲು, ಹಾಗಾಗಿ ಸಂಜೆ ಮೆಷಿನ್ ಆಫ್. ಆನ್ ಆಗುವುದು 9ಕ್ಕೆ. 6:25 ನಮ್ಮ ಮೆಷಿನ್‌ಗೆ ಬರುತ್ತಲೇ ಇರಲಿಲ್ಲ. 'ಅನಾಕ್ರಾನ್' ಹಾಕಿದೆ, ತಪ್ಪಿದ ಕೆಲಸವನ್ನು ಆನ್ ಆದಮೇಲೆ ಅದು ಮಾಡಿಸುತ್ತದೆ. ಸ್ಟೋರ್ ಲಾಗನ್ನು 'ನನ್' (none) ಮಾಡಿ ನಿಲ್ಲಿಸಿದೆ.

ತಿಂಗಳುಗಟ್ಟಲೆ ಆಫ್ ಆಗದ ಮೆಷಿನ್ ನಿಮ್ಮದಾದರೆ ಕ್ಯಾಶೆ ಫೋಲ್ಡರ್‌ನೊಳಗಿನ 'ಸ್ವಾಪ್.ಸ್ಟೇಟ್' ಫೈಲನ್ನೂ (ಕ್ಯಾಶೆಯಲ್ಲಿ ಏನೇನಿದೆ ಎಂಬ ಪಟ್ಟಿ) ನೋಡಿ. ಅದೂ ಬೆಳೆಯುತ್ತದೆ, ರೊಟೇಟ್ ಕೊಟ್ಟರೆ ಇಳಿಯುತ್ತದೆ. ಸ್ಕ್ವಿಡ್ ಓಡುತ್ತಿರುವಾಗ ಕೈಯಾರೆ ಅಳಿಸಬೇಡಿ.

ಕ್ಯಾಶೆಯೇ ದೊಡ್ಡದಾಗಿದ್ದರೆ ಮಿತಿ ಇಳಿಸಿ. ಇಡೀ ಡಿಸ್ಕನ್ನು ಅದಕ್ಕೇ ಕೊಟ್ಟಿದ್ದರೂ 20% ಬಿಟ್ಟೇ ಲೆಕ್ಕ ಹಾಕಿ. ಪೂರ್ತಿ ಖಾಲಿ ಮಾಡಲೇಬೇಕೆಂದರೆ ಸ್ಕ್ವಿಡ್ ನಿಲ್ಲಿಸಿ, ಫೋಲ್ಡರ್‌ಗೆ ಬೇರೆ ಹೆಸರಿಡಿ, ಅದೇ ಮಾಲೀಕತ್ವದ ಖಾಲಿ ಫೋಲ್ಡರ್ ಮಾಡಿ 'ಸ್ಕ್ವಿಡ್ -ಝಡ್' ಕೊಟ್ಟು ಒಳಗಿನ ಫೋಲ್ಡರುಗಳನ್ನು ಮಾಡಿಸಿ, ಆಮೇಲೆ ಶುರುಮಾಡಿ. ಹಳೆಯದನ್ನು ಲ್ಯಾಬ್ ಮುಗಿದಮೇಲೆ ಅಳಿಸಿದರಾಯಿತು.