ಬೆಂಗಳೂರು ದಂಡಿನಿಂದ ಕ್ಲೇರ್ ಕೌಂಟಿಯವರೆಗೆ: ನಮ್ಮ ಐರಿಷ್ ಮೂಲವನ್ನು ನಾನು ಕಂಡುಕೊಂಡ ಬಗೆ

ನನ್ನ ತಾಯಿಯ ಮುತ್ತಜ್ಜ 1829ರಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಕೌಂಟಿಯಲ್ಲಿ, ಕಿಲ್‌ರಷ್ ಪಟ್ಟಣದಿಂದ ಎರಡು ಗಂಟೆ ನಡೆದರೆ ಸಿಗುವ ಹಳ್ಳಿಯೊಂದರ ಗೇಣಿದಾರನ ಮನೆಯಲ್ಲಿ ಹುಟ್ಟಿದರು. ಈ ಒಂದು ವಾಕ್ಯವನ್ನು ಅನುಮಾನವಿಲ್ಲದೆ ಬರೆಯಲು ನನಗೆ ಸುಮಾರು ಒಂಬತ್ತು ವರ್ಷ ಬೇಕಾಯಿತು. ಆರಂಭದಲ್ಲಿಯೇ ಪರ್ತ್‌ನಲ್ಲಿರುವ ನನ್ನ ಸೋದರಮಾವ, "ಐರ್ಲೆಂಡಿನ ಕಾಗದಪತ್ರವೆಲ್ಲ 1922ರಲ್ಲಿ ಸುಟ್ಟುಹೋಗಿದೆ, ದುಡ್ಡು ಹಾಳುಮಾಡಬೇಡ" ಎಂದಿದ್ದರು. ಈ ಕೆಲಸದಲ್ಲಿ ನನಗಿಂತ ಪಳಗಿದ ಇಬ್ಬರು ಹಿರಿಯರು ಕೂಡ ಅದನ್ನೇ ಹೇಳಿದರು. ಅವರ ಮಾತು ಅರ್ಧ ನಿಜ. ಆ ವರ್ಷದ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ದಾಖಲೆಗಳ ಭಂಡಾರ ಸ್ಫೋಟದಲ್ಲಿ ನಾಶವಾಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಅಲ್ಲಿಯೇ ಬೂದಿಯಾಯಿತು. ಆದರೆ ಕಥೋಲಿಕ ಚರ್ಚುಗಳ ರಿಜಿಸ್ಟರುಗಳು ಆಯಾ ಊರಿನ ಪಾದ್ರಿಗಳ ಬಳಿಯೇ ಇದ್ದುದರಿಂದ ಉಳಿದುಕೊಂಡವು. ನಮ್ಮವರು ಕಥೋಲಿಕರು ಎಂಬುದೇ ನನ್ನ ಏಕೈಕ ಬಂಡವಾಳವಾಗಿತ್ತು.

ನನ್ನ ತಂದೆ ಬಂಗಾರಪೇಟೆಯ ಕಡೆಯ ಕನ್ನಡಿಗರು. ತಾಯಿ ಕೋಲಾರ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಮನೆತನದವರು. ಐರ್ಲೆಂಡ್ ಮೂಲದ ಸೈನಿಕ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲಾವೆಲ್ 1873ರ ಸುಮಾರಿಗೆ ಆ ನೆಲದಲ್ಲಿ ಚಿನ್ನ ಹುಡುಕಲು ಮೈಸೂರು ಸರ್ಕಾರದಿಂದ ಅನುಮತಿ ಪಡೆದ ಸಂಗತಿ ಗಣಿಯ ಪ್ರತಿ ಮನೆಯಲ್ಲಿಯೂ ಗೊತ್ತಿತ್ತು. ಅದರ ಜೊತೆಗೆ ನಮ್ಮ ಮನೆಯಲ್ಲಿ ಇನ್ನೊಂದು ಕಥೆಯೂ ಸೇರಿಕೊಂಡಿತ್ತು: ನಮ್ಮ ಹಿರಿಯರೂ ಐರಿಷ್ ಅಧಿಕಾರಿಗಳಂತೆ, ಅವರಿಗೆ ಅಲ್ಲಿ ಒಂದು ಕೋಟೆಯೂ ಇತ್ತಂತೆ. ತಾಯಿಯ ಅಜ್ಜಿಯನ್ನು, ಅಂದರೆ ಅವರೆಲ್ಲರೂ 'ನಾನಾ' ಎಂದು ಕರೆಯುತ್ತಿದ್ದವರನ್ನು, ಕೇಳಿದವರಿಗೆಲ್ಲ ಈ ಕೋಟೆಯ ಕಥೆಯೇ ಸಿಗುತ್ತಿತ್ತು. ನಾನು ಅದನ್ನು ನಂಬಿ ಮೊದಲ ತಪ್ಪು ಮಾಡಿದೆ. ನಮ್ಮ ಮನೆತನದ ಹೆಸರಿನ 'ಲಾಂಛನ' ಕೊರೆದ ಮರದ ಫಲಕವೊಂದನ್ನು ಸುಮಾರು 3,500 ರೂಪಾಯಿ ಕೊಟ್ಟು ತರಿಸಿ ಗೋಡೆಗೆ ಹಾಕಿದೆ. ಲಾಂಛನವನ್ನು ವ್ಯಕ್ತಿಗೆ ಮತ್ತು ಅವನ ಸಂತತಿಗೆ ಕೊಡುತ್ತಾರೆಯೇ ಹೊರತು ಒಂದು ಹೆಸರಿನವರಿಗೆಲ್ಲ ಕೊಡುವುದಿಲ್ಲ ಎಂಬುದು ತಿಳಿದ ದಿನ ಅದನ್ನು ಇಳಿಸಿದೆ.

ಎರಡನೆಯ ತಪ್ಪು ಹೆಚ್ಚು ದುಬಾರಿಯಾಯಿತು. ಹೆಸರು ಹಿಡಿದು ನೇರವಾಗಿ ಐರ್ಲೆಂಡಿಗೆ ಹಾರಿದೆ. ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ ಹನ್ನೊಂದು ಜನ ಸಿಕ್ಕರು. ಯಾರು ನಮ್ಮವರೆಂದು ತೀರ್ಮಾನಿಸಲು ಹಣ ಪಡೆದು ಹುಡುಕಿಕೊಡುವ ಸಂಶೋಧಕರೊಬ್ಬರಿಗೆ ಎರಡು ಕಂತಿನಲ್ಲಿ ಸುಮಾರು 45,000 ರೂಪಾಯಿ ಕೊಟ್ಟೆ. ಅವರು ಅಂದವಾದ ವಂಶವೃಕ್ಷವೊಂದನ್ನು ಕಳುಹಿಸಿದರು; ಅದರಲ್ಲಿದ್ದ ವ್ಯಕ್ತಿ 1853ರಲ್ಲಿಯೇ ಕಾರ್ಕ್‌ನಲ್ಲಿ ತೀರಿಕೊಂಡಿದ್ದ. ನಮ್ಮ ಹಿರಿಯರು 1854ರಲ್ಲಿ ಬೆಂಗಳೂರು ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ಮದುವೆಯಾಗಿದ್ದರು! ಹಣ ಹೋದದ್ದಕ್ಕಿಂತ, ಬೇರೊಬ್ಬನನ್ನು ಎಂಟು ತಿಂಗಳು 'ನಮ್ಮವನು' ಎಂದುಕೊಂಡು ಅವನಿಗಾಗಿ ಪೂಜೆ ಕೊಡಿಸಿದ್ದು ತಾಯಿಗೆ ಹೆಚ್ಚು ನೋವು ತಂದಿತು.

ಅಲ್ಲಿಂದ ಮುಂದೆ ಇಲ್ಲಿಂದಲೇ ಹಿಂದಕ್ಕೆ ಹೋಗುವುದೆಂದು ನಿರ್ಧರಿಸಿದೆ. ತಾಯಿಯಿಂದ ತಾತ, ತಾತನಿಂದ ಅವರ ತಂದೆ, ಹೀಗೆ ಪ್ರತಿ ಮೆಟ್ಟಿಲಿಗೂ ಜ್ಞಾನಸ್ನಾನ (ಬ್ಯಾಪ್ಟಿಸಮ್) ಮತ್ತು ಮದುವೆ ಎರಡರ ದಾಖಲೆಯೂ ಸಿಗುವವರೆಗೆ ಮುಂದಿನ ಮೆಟ್ಟಿಲನ್ನು ಮುಟ್ಟಲಿಲ್ಲ. ದಂಡಿನ ಚರ್ಚಿನ ಹಳೆಯ ರಿಜಿಸ್ಟರುಗಳನ್ನು ನೋಡಲು ಅನುಮತಿ ಪಡೆಯುವುದು ಎಷ್ಟು ಕಷ್ಟವೆಂಬುದು ಈ ದಾರಿಯಲ್ಲಿ ನಡೆದವರಿಗೆಲ್ಲ ಗೊತ್ತು. ನನಗೆ ಅದು ಹೇಗೆ ಸಾಧ್ಯವಾಯಿತೆಂಬುದನ್ನು ಇಲ್ಲಿ ಹೇಳಲಾರೆ. ಆ ಬಾಗಿಲು ತೆರೆದೇ ಇರಲಿ ಎಂಬುದು ನನ್ನ ಆಸೆ. ಅಲ್ಲಿ ಸಿಗದ ಪುಟಗಳಿಗಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ 2017ರಲ್ಲಿ ಹೋಗಿ ಐದು ದಿನ ಕುಳಿತೆ. ವಿಮಾನ, ವಸತಿ ಎಲ್ಲ ಸೇರಿ ಒಂದೂವರೆ ಲಕ್ಷದ ಮೇಲಾಯಿತು. ಮದರಾಸು ಪ್ರಾಂತ್ಯದ ಚರ್ಚು ದಾಖಲೆಗಳ ಎನ್/2 ಸಾಲು ಮತ್ತು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿದವರ ಎಲ್/ಮಿಲ್/9 ಸಾಲು, ಇವೆರಡನ್ನೇ ನೋಡಿದೆ. ಆಗ ತಿಳಿದದ್ದಿಷ್ಟು: ಅವರು ಅಧಿಕಾರಿಯಲ್ಲ, ಮದರಾಸು ತೋಪುಖಾನೆಯ ಸಾಮಾನ್ಯ ಗನ್ನರ್, ಅಂದರೆ ಫಿರಂಗಿ ಸಿಪಾಯಿ. 1848ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇರಿದವರು. ಊರಿನ ಕಲಮಿನಲ್ಲಿ 'ಲಿಮೆರಿಕ್' ಎಂದಿತ್ತು.

ಆ ಒಂದು ಪದ ನನ್ನ ಎರಡು ವರ್ಷವನ್ನು ತಿಂದಿತು. ಲಿಮೆರಿಕ್ ಕೌಂಟಿಯ ರಿಜಿಸ್ಟರುಗಳನ್ನು ಒಂದೊಂದಾಗಿ ತಿರುವಿಹಾಕಿದೆ. ಕಥೋಲಿಕ ರಿಜಿಸ್ಟರುಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿದ್ದುದರಿಂದ ಹಣ ಉಳಿಯಿತಾದರೂ ಕಣ್ಣು ಉಳಿಯಲಿಲ್ಲ. 1840ರ ದಶಕದ ಕೊನೆಯ, ಐರ್ಲೆಂಡಿನ ಮಹಾಕ್ಷಾಮದ ಆ ವರ್ಷಗಳಲ್ಲಿ ಸುತ್ತಲಿನ ಕೌಂಟಿಗಳ ಹುಡುಗರು ಸೈನ್ಯಕ್ಕೆ ಸೇರಲು ಲಿಮೆರಿಕ್ ನಗರಕ್ಕೆ ನಡೆದು ಬರುತ್ತಿದ್ದರು, ಗುಮಾಸ್ತ ಸೇರಿದ ಊರನ್ನೇ ಹುಟ್ಟಿದ ಊರೆಂದು ಬರೆದುಬಿಟ್ಟಿರಬಹುದು ಎಂಬ ಸರಳ ವಿಷಯ ನನಗೆ ಹೊಳೆಯಲಿಲ್ಲ.

ಕೊನೆಗೆ ಫಲ ಕೊಟ್ಟ ವಿಧಾನವನ್ನು ಹೇಳುತ್ತೇನೆ, ಏಕೆಂದರೆ ಅದನ್ನು ಮೊದಲು ಹೇಳಿದಾಗ ಯಾರೂ ಒಪ್ಪಿರಲಿಲ್ಲ. ನಾನು ನಮ್ಮ ಹಿರಿಯರನ್ನು ಹುಡುಕುವುದನ್ನು ನಿಲ್ಲಿಸಿ, ಅವರ ಗೆಳೆಯನನ್ನು ಹುಡುಕತೊಡಗಿದೆ. 1854ರ ಮದುವೆಗೆ ಸಾಕ್ಷಿ ಹಾಕಿದವರಲ್ಲಿ ಒಬ್ಬ ಗನ್ನರ್ ಇದ್ದ. ಅವರ ಮೊದಲ ಮಗುವಿನ ಜ್ಞಾನತಂದೆಯೂ (ಗಾಡ್‌ಫಾದರ್) ಅವನೇ. ಸೇರ್ಪಡೆಯ ಪಟ್ಟಿಯಲ್ಲಿ ಅವನು ನಮ್ಮವರ ಕೆಳಗಿನ ಎರಡನೆಯ ಸಾಲಿನಲ್ಲಿದ್ದ, ಅದೇ ಹಡಗಿನಲ್ಲಿ ಬಂದಿದ್ದ. ಅವನ ಮನೆತನದ ಹೆಸರು ಐರ್ಲೆಂಡಿನಲ್ಲಿಯೇ ಅಪರೂಪದ್ದು. ನಮ್ಮದು ಪ್ರತಿ ಬೀದಿಯಲ್ಲಿಯೂ ಸಿಗುವಂಥದ್ದು. ನಮ್ಮವರು ಅವಧಿ ಮುಗಿಸಿ ಇಲ್ಲಿಯೇ ಸೈನ್ಯ ಬಿಟ್ಟು, 1864ರಲ್ಲಿ ದಂಡಿನವರೆಗೆ ರೈಲು ಬಂದಾಗ ಅದರ ನೌಕರಿಗೆ ಸೇರಿದರು. ಹೀಗಾಗಿ ಅವರಿಗೆ ಪಿಂಚಣಿಯ ಕಾಗದವಿಲ್ಲ. ಗೆಳೆಯ ಮಾತ್ರ ಕಂಪನಿಯ ತೋಪುಖಾನೆ ರಾಣಿಯ ಸೈನ್ಯದಲ್ಲಿ ಲೀನವಾದ ಮೇಲೂ ಸೇವೆ ಮುಂದುವರಿಸಿದ್ದ. ಅವನ ಪಿಂಚಣಿಯ ಕಾಗದ ಲಂಡನ್ನಿನ ಕ್ಯೂ ದಾಖಲಾಲಯದ ಡಬ್ಲ್ಯುಓ 97 ಸಾಲಿನಲ್ಲಿತ್ತು. ಅದರಲ್ಲಿ ಚರ್ಚಿನ ಸೀಮೆ, ಹತ್ತಿರದ ಪಟ್ಟಣ ಕಿಲ್‌ರಷ್, ಕೌಂಟಿ ಕ್ಲೇರ್ ಎಂದು ಮೂರನ್ನೂ ಬಿಡಿಸಿ ಬರೆದಿದ್ದರು.

ಮುಂದಿನದಕ್ಕೆ ಒಂದು ವಾರವೂ ಬೇಕಾಗಲಿಲ್ಲ. ತೆರಿಗೆಗಾಗಿ ಮನೆ, ಜಮೀನುಗಳ ಮೌಲ್ಯ ಕಟ್ಟಿದ ಗ್ರಿಫಿತ್‌ನ ಪಟ್ಟಿಯ 1855ರ ಕ್ಲೇರ್ ಸಂಪುಟದಲ್ಲಿ ಆ ಅಪರೂಪದ ಹೆಸರು ಆ ಸೀಮೆಯ ಒಂದೇ ಹಳ್ಳಿಯಲ್ಲಿ ಎರಡು ಸಾಲಿನಲ್ಲಿ ಸಿಕ್ಕಿತು. ಒಂದು ಮನೆ ಬಿಟ್ಟು ಮುಂದಿನ ಸಾಲಿನಲ್ಲಿ ನಮ್ಮ ಮನೆತನದ ಹೆಸರು. ಮನೆ, ಕೊಟ್ಟಿಗೆ, ನಾಲ್ಕು ಎಕರೆಗೆ ಸ್ವಲ್ಪ ಕಡಿಮೆ ಗೇಣಿ ಭೂಮಿ, ತೆರಿಗೆಗಾಗಿ ಕಟ್ಟಿದ ಮನೆಯ ವಾರ್ಷಿಕ ಮೌಲ್ಯ ಐದು ಶಿಲಿಂಗ್. ಕಿಲ್‌ರಷ್ ಸೀಮೆಯಲ್ಲಿ ಕ್ಷಾಮದ ವರ್ಷಗಳಲ್ಲಿ ಸಾವಿರಾರು ಗೇಣಿದಾರರನ್ನು ಜಮೀನ್ದಾರರು ಮನೆ ಕೆಡವಿ ಹೊರಹಾಕಿದ್ದರು. ಅಂತಹ ಕಾಲವನ್ನು ದಾಟಿ 1855ರಲ್ಲಿಯೂ ಆ ಸಾಲಿನಲ್ಲಿ ನಮ್ಮ ಹೆಸರು ನಿಂತಿದೆ ಎಂಬುದನ್ನು ನೋಡಿದಾಗ ನನಗೆ ಆದ ಹೆಮ್ಮೆಯನ್ನು ಯಾವ ಕೋಟೆಯೂ ಕೊಡಲಾರದು. ಮಗ ದಂಡಿನಿಂದ ಕಳುಹಿಸಿದ ಹಣ ಆ ಗೇಣಿಗೆ ಹೋಗಿತ್ತೆಂದು ತೋರಿಸುವ ಕಾಗದ ನನ್ನಲ್ಲಿಲ್ಲ, ಆದರೂ ನನ್ನ ಮನಸ್ಸು ಹಾಗೆಯೇ ನಂಬುತ್ತದೆ.

ಜ್ಞಾನಸ್ನಾನದ ಪುಟ ಮಾತ್ರ ಕೊನೆಯವರೆಗೂ ಸತಾಯಿಸಿತು. ನೀರು ತಗುಲಿ ಪುಟದ ಬಲಭಾಗವೆಲ್ಲ ಕಂದಿತ್ತು. ಚಿತ್ರದ ಕಪ್ಪು-ಬಿಳುಪನ್ನು ತಿರುವುಮುರುವು ಮಾಡಿ ಓದುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಅದರ ನಂತರ ನಾನು ಮಾಡಿದ ಇನ್ನೊಂದು ಹಂತವನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ತಂದೆಯ ಹೆಸರು, ತಾಯಿ ಹೊನೋರಾ, ಜ್ಞಾನತಾಯಿಯ ಸ್ಥಾನದಲ್ಲಿ ಆ ಅಪರೂಪದ ಮನೆತನದ ಹೆಣ್ಣುಮಗಳು. ಐರಿಷ್ ಮನೆಗಳಲ್ಲಿ ಎರಡನೆಯ ಮಗಳಿಗೆ ತಂದೆಯ ತಾಯಿಯ ಹೆಸರಿಡುವ ವಾಡಿಕೆಯಿತ್ತು. ಬೆಂಗಳೂರಿನಲ್ಲಿ ನಮ್ಮ ಹಿರಿಯರ ಎರಡನೆಯ ಮಗಳ ಹೆಸರು ಹೊನೋರಾ. ನನ್ನ ತಾಯಿಯ ದೊಡ್ಡಮ್ಮ ನೋರಾ ಅವರಿಗೂ ಆ ಹೆಸರು ಬಂದದ್ದು ಅಲ್ಲಿಂದಲೇ.

ನಡುವೆ ಮಾಡಿದ ಒಂದೆರಡು ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ತಾಯಿಯ, ನನ್ನ ಮತ್ತು ಸೋದರಮಾವನ ಡಿಎನ್‌ಎ ಪರೀಕ್ಷೆಗೆ ಒಟ್ಟು 25,000 ರೂಪಾಯಿಯಷ್ಟು ಖರ್ಚಾಯಿತು. ತಾಯಿಗೆ ಐರ್ಲೆಂಡಿನ ಅಂಶ ಶೇಕಡಾ 20ರ ಆಸುಪಾಸು ಬಂತು. ಒಬ್ಬ ಮುತ್ತಜ್ಜನಿಂದ ಸರಾಸರಿ ಹನ್ನೆರಡೂವರೆ ಬರುತ್ತದೆ, ಆದ್ದರಿಂದ ಗಣಿಯ ಇನ್ನೊಂದು ಮನೆತನದಿಂದಲೂ ಐರಿಷ್ ರಕ್ತ ಬಂದಿರಬಹುದು. ಈ ಶೇಕಡಾವಾರು ಲೆಕ್ಕವನ್ನು ನಾನು ಹೆಚ್ಚು ನಂಬುವುದಿಲ್ಲ. ಅದರಿಂದ ಆದ ನಿಜವಾದ ಲಾಭವೆಂದರೆ ಬಾಸ್ಟನ್ನಿನ ವೃದ್ಧೆಯೊಬ್ಬರು ತಾಯಿಯೊಂದಿಗೆ 60 ಸೆಂಟಿಮಾರ್ಗನ್‌ನಷ್ಟು (ಇಬ್ಬರಲ್ಲಿ ಸಮಾನವಾಗಿರುವ ಡಿಎನ್‌ಎಯ ಅಳತೆ) ಹೊಂದಿಕೆಯಾದದ್ದು. ಅವರ ಮುತ್ತಜ್ಜ ನಮ್ಮ ಹಿರಿಯರ ತಮ್ಮ, ಹಳ್ಳಿಯಲ್ಲಿಯೇ ಉಳಿದವನು. ಉಚಿತವಾಗಿ ಸಿಗುವ 1901ರ ಜನಗಣತಿಯಲ್ಲಿ ಆ ತಮ್ಮ 66 ವರ್ಷದವನಾಗಿ ಸಿಕ್ಕಿದ. ಭಾಷೆಯ ಕಲಮಿನಲ್ಲಿ 'ಐರಿಷ್ ಮತ್ತು ಇಂಗ್ಲಿಷ್' ಎಂದಿದೆ. ಹಾಗಾದರೆ ನಮ್ಮವರೂ ದಂಡಿಗೆ ಬಂದಿಳಿದಾಗ ಐರಿಷ್ ನುಡಿಯನ್ನು ಜೊತೆಗೆ ತಂದಿದ್ದರು, ಅದು ಒಂದೇ ತಲೆಮಾರಿನಲ್ಲಿ ನಮ್ಮ ಮನೆಯಿಂದ ಮರೆಯಾಯಿತು. ಕನ್ನಡದಲ್ಲಿ ಬರೆಯುವ ನನಗೆ ಈ ಒಂದು ಕಲಮು ಇಡೀ ಹುಡುಕಾಟದಲ್ಲಿ ಅತ್ಯಂತ ದುಃಖ ತಂದ ಸಂಗತಿ.

ನೆಂಟರೆಲ್ಲ ಪಾಸ್‌ಪೋರ್ಟಿನ ಬಗ್ಗೆ ಕೇಳಿದರು. ಸಾಮಾನ್ಯವಾಗಿ ಅಜ್ಜ ಅಥವಾ ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಆ ದಾರಿಯುಂಟು, ನಮಗೆ ಇಲ್ಲ. ಒಟ್ಟು ಖರ್ಚು, ಚಂದಾಗಳನ್ನೂ ಸೇರಿಸಿದರೆ, ಮೂರು ಲಕ್ಷದ ಮೇಲಾಗಿದೆ. ಗೆಳೆಯನ ಪಿಂಚಣಿಯ ಕಾಗದವೊಂದನ್ನು ಬಿಟ್ಟರೆ ಕ್ಲೇರಿನ ದಾಖಲೆಗಳಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಲ್ಯಾಟಿನ್‌ನಲ್ಲಿ ಬರೆದಿದ್ದ ಆ ಜ್ಞಾನಸ್ನಾನದ ಪುಟದ ಅಚ್ಚುಪ್ರತಿಯನ್ನು ತಾಯಿಯ ಕೈಗೆ ಕೊಟ್ಟಾಗ ಅವರಿಗೆ 84 ವರ್ಷ. ಲ್ಯಾಟಿನ್ ಪೂಜೆಯ ಕಾಲದಲ್ಲಿ ಬೆಳೆದವರಾದ್ದರಿಂದ ನನ್ನ ಸಹಾಯವಿಲ್ಲದೆ ಆ ಸಾಲನ್ನು ಗಟ್ಟಿಯಾಗಿ ಎರಡು ಸಲ ಓದಿದರು, ಆಮೇಲೆ ಮುತ್ತಜ್ಜಿಯ ಕಡೆಯ ಕಾಗದ ಎಲ್ಲಿ ಎಂದು ಕೇಳಿದರು. 1854ರ ರಿಜಿಸ್ಟರಿನಲ್ಲಿ ವಧುವಿಗೆ 'ಮರಿಯಾ' ಎಂಬ ಜ್ಞಾನಸ್ನಾನದ ಹೆಸರಷ್ಟೇ ಇದೆ. ತಂದೆಯ ಕಲಮು ಖಾಲಿ. ಆದರೆ ಅವಳ ಜ್ಞಾನತಾಯಿ ಯಾರೆಂಬುದು ಕಳೆದ ತಿಂಗಳು ಸಿಕ್ಕಿದೆ, ಬೆಂಗಳೂರಿನ ಶೂಲೆ ಬಡಾವಣೆಯಲ್ಲಿ ವಾಸವಿದ್ದ ವಿಧವೆ. ಈಗ ಆಕೆಯನ್ನು ಹುಡುಕುತ್ತಿದ್ದೇನೆ.